ಉಪಾಧ್ಯಾಯರ ಕೈಯಲ್ಲಿ ಉಳಿಯುವ ಕೈಪಿಡಿ

ನಮ್ಮ ನಾಡಿನಲ್ಲಿ ಪಠ್ಯಪುಸ್ತಕಗಳ ವಿಷಯವಾಗಿ ನಡೆಯುವಷ್ಟು ವಾದವಿವಾದವು ಶಾಲೆಗೆ ಸಂಬಂಧಿಸಿದ ಬೇರಾವ ವಿಷಯದಲ್ಲಿಯೂ ನಡೆಯುವುದಿಲ್ಲ. 2022ನೆಯ ಇಸವಿಯಲ್ಲಿ ಪರಿಷ್ಕೃತ ಪಠ್ಯಗಳು ಹೊರಬಂದಾಗ ಯಾವ ಪಾಠವನ್ನು ಸೇರಿಸಿದರು, ಯಾವುದನ್ನು ಕೈಬಿಟ್ಟರು ಎಂಬ ಪ್ರಶ್ನೆಯು ವಿಧಾನಸೌಧದಿಂದ ಹಿಡಿದು ಕಾಫಿ ಹೋಟೆಲಿನ ಮೇಜಿನವರೆಗೆ ಚರ್ಚೆಗೆ ಬಂದಿತು. 2023ರಲ್ಲಿ ಸರಕಾರವು ಬದಲಾದ ಮೇಲೆ ಕೆಲವು ಪಾಠಗಳು ಪುನಃ ಬದಲಾದವು. ಈ ಚರ್ಚೆಯು ಅನಾವಶ್ಯಕವೆಂದು ನಾವು ಹೇಳುವವರಲ್ಲ. ಮಕ್ಕಳು ಏನನ್ನು ಓದಬೇಕೆಂಬುದನ್ನು ಕುರಿತು ಪ್ರಜೆಗಳು ಎಚ್ಚರವಾಗಿರುವುದು ಪ್ರಜಾಪ್ರಭುತ್ವಕ್ಕೆ ಶೋಭೆಯೇ ಸರಿ. ಆದರೆ ಪಾಠವು ಯಾವುದೇ ಇರಲಿ, ಬೆಳಗಿನ ಹತ್ತೂವರೆ ಗಂಟೆಗೆ ನಲವತ್ತು ಮಕ್ಕಳ ಮುಂದೆ ನಿಂತ ಉಪಾಧ್ಯಾಯಿನಿಯು ಅದನ್ನು ಹೇಗೆ ನಡೆಯಿಸಬೇಕು, ಅರ್ಥವಾಗದೆ ಹಿಂದುಳಿದ ಹತ್ತು ಮಕ್ಕಳಿಗೆ ಏನು ಮಾಡಬೇಕು ಎಂಬುದನ್ನು ಕೇಳಿದವರು ವಿರಳ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ಪುಸ್ತಕವೊಂದಿದೆ. ಅದಕ್ಕೆ ಉಪಾಧ್ಯಾಯರ ಕೈಪಿಡಿಯೆಂದು ಹೆಸರು. ಪಠ್ಯಪುಸ್ತಕದ ವಿಷಯದಲ್ಲಿ ನೂರು ಕಂಠಗಳು ಏಳುವ ಈ ನಾಡಿನಲ್ಲಿ ಕೈಪಿಡಿಯ ವಿಷಯವಾಗಿ ಒಂದು ಕಂಠವೂ ಏಳುವುದಿಲ್ಲ. ಮಕ್ಕಳ ಕಲಿಕೆಯು ಈ ಮೌನದಿಂದಲೂ ಕೆಡುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಇದು ದೂರದ ಸಂಗತಿಯಲ್ಲ. 1948ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರಿಂದ ಅಸ್ತಿಭಾರವನ್ನು ಹಾಕಿಸಿಕೊಂಡ ಜಯನಗರದಲ್ಲಿ ಇಂದು ಉಪಾಧ್ಯಾಯರನ್ನು ತರಬೇತು ಮಾಡುವ ಕಾಲೇಜುಗಳಿವೆ, ಆರ್.ವಿ. ಶಿಕ್ಷಕರ ಕಾಲೇಜು ಮತ್ತು ವಿಜಯ ಶಿಕ್ಷಕರ ಕಾಲೇಜುಗಳ ಹೆಸರನ್ನು ಕೇಳದ ಉಪಾಧ್ಯಾಯರು ಈ ಭಾಗದಲ್ಲಿ ಇರಲಾರರು. ಅಲ್ಲಿಂದ ಪಶ್ಚಿಮಕ್ಕೆ ಬನಶಂಕರಿ ಮೂರನೆಯ ಹಂತದಲ್ಲಿ, ನೂರಡಿ ವರ್ತುಲ ರಸ್ತೆಯ ಬದಿಯಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಕಛೇರಿಯಿದೆ. ಕರ್ನಾಟಕ ಪಠ್ಯಪುಸ್ತಕ ಸಂಘವೂ ಅಲ್ಲಿಯೇ ಇದೆ. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಸರಕಾರಿ ಶಾಲೆಯ ಉಪಾಧ್ಯಾಯರು ಯಾವ ಪುಸ್ತಕವನ್ನು ಕೈಯಲ್ಲಿ ಹಿಡಿಯಬೇಕು, ಯಾವ ಕ್ರಮದಲ್ಲಿ ಪಾಠ ಹೇಳಬೇಕು ಎಂಬುದರ ಬಹುಭಾಗವು ಈ ಆವರಣದಲ್ಲಿ ರೂಪುಗೊಳ್ಳುತ್ತದೆ. ದಿನವೂ ಸಾವಿರಾರು ಮಂದಿ ಬಸ್ಸಿನಲ್ಲಿ ಕುಳಿತು ಈ ಕಟ್ಟಡದ ಮುಂದೆ ಹಾದುಹೋಗುತ್ತಾರೆ. ತಮ್ಮ ಮಕ್ಕಳ ಭವಿಷ್ಯದ ಒಂದು ಪಾಲು ಇಲ್ಲಿ ಬರೆಯಲ್ಪಡುತ್ತಿದೆಯೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ಪಠ್ಯಕ್ರಮ, ಪಠ್ಯಪುಸ್ತಕ, ಕೈಪಿಡಿ ಎಂಬ ಮೂರನ್ನೂ ಒಂದೇ ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇವು ಮೂರೂ ಬೇರೆ ಬೇರೆ. ಮಗುವು ಯಾವ ತರಗತಿಯಲ್ಲಿ ಏನನ್ನು ಕಲಿಯಬೇಕೆಂದು ಹೇಳುವುದು ಪಠ್ಯಕ್ರಮ. ಅದನ್ನು ಮಗುವಿಗಾಗಿ ಬರೆದಿರುವುದು ಪಠ್ಯಪುಸ್ತಕ. ಕೈಪಿಡಿಯಾದರೋ ಉಪಾಧ್ಯಾಯರಿಗಾಗಿ ಬರೆದದ್ದು. ಈ ಪಾಠವು ಇಲ್ಲಿಯೇ ಏಕೆ ಬಂದಿದೆ, ಇದಕ್ಕೆ ಮೊದಲು ಮಗುವಿಗೆ ಏನು ತಿಳಿದಿರಬೇಕು, ಎಷ್ಟು ದಿನ ಹಿಡಿದೀತು, ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದಾಗ ಏನನ್ನು ಕೇಳಬೇಕು, ಬೇಗ ಕಲಿತವರಿಗೆ ಏನು ಕೊಡಬೇಕು, ನಿಧಾನವಾಗಿ ಕಲಿಯುವವರನ್ನು ಹೇಗೆ ಜೊತೆಗೆ ಕರೆದೊಯ್ಯಬೇಕು – ಇವನ್ನು ಹೇಳಿದರೆ ಅದು ಕೈಪಿಡಿ. ಹೇಳದಿದ್ದರೆ ಅದು ಮುದ್ರಿತ ಸುತ್ತೋಲೆ ಮಾತ್ರ.

ಒಂದು ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸುತ್ತೇವೆ. ಮೂರನೆಯ ತರಗತಿಯ ಮಗುವಿಗೆ ‘ಮುನ್ನೂರ ನಾಲ್ಕು’ ಎಂದು ಹೇಳಿ ಬರೆಯಿಸಿದರೆ ಅನೇಕ ಮಕ್ಕಳು 304 ಎಂಬುದಕ್ಕೆ ಬದಲಾಗಿ 3004 ಎಂದು ಬರೆಯುತ್ತಾರೆ. ಇದು ದಡ್ಡತನವಲ್ಲ. ಮಗುವು ತಾನು ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ: ಮೊದಲು ಮುನ್ನೂರು, ಆಮೇಲೆ ನಾಲ್ಕು. ಸ್ಥಾನಬೆಲೆಯೆಂಬ ಭಾವನೆಯು ಇನ್ನೂ ಅದರ ಮನಸ್ಸಿನಲ್ಲಿ ನಿಂತಿಲ್ಲವೆಂಬುದಷ್ಟೇ ಇದರ ಅರ್ಥ. ಈ ತಪ್ಪು ಬಂದೇ ಬರುವುದೆಂದು ಮುಂಚಿತವಾಗಿ ತಿಳಿದ ಉಪಾಧ್ಯಾಯರು ನೂರರ ಕಟ್ಟು, ಹತ್ತರ ಕಟ್ಟು, ಬಿಡಿ ಕಡ್ಡಿಗಳನ್ನು ಮೇಜಿನ ಮೇಲಿರಿಸಿ ಹತ್ತರ ಸ್ಥಾನವು ಬರಿದಾಗಿರುವುದನ್ನು ಮಗುವೇ ಕಾಣುವಂತೆ ಮಾಡುತ್ತಾರೆ. ತಿಳಿಯದವರು ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದೆ ಹೋಗುತ್ತಾರೆ. ಇವರಿಬ್ಬರ ನಡುವಿನ ಅಂತರವನ್ನು ಕೈಪಿಡಿಯ ನಾಲ್ಕು ಸಾಲುಗಳು ತುಂಬಬಲ್ಲವು.

ಇನ್ನೊಂದು ಸಂಗತಿಯನ್ನು ನೋಡಿರಿ. ಬಿ.ಟಿ.ಎಂ. ಬಡಾವಣೆಯ ಅಥವಾ ಬನಶಂಕರಿಯ ಸರಕಾರಿ ಶಾಲೆಯೊಂದರಲ್ಲಿ ಕುಳಿತ ಮಕ್ಕಳೆಲ್ಲರ ಮನೆಮಾತು ಕನ್ನಡವಾಗಿರುವುದಿಲ್ಲ. ಉರ್ದು, ತಮಿಳು, ತೆಲುಗು, ಹಿಂದಿ ಮಾತನಾಡುವ ಮನೆಗಳಿಂದ ಬಂದ ಮಕ್ಕಳಿರುತ್ತಾರೆ. ಕಟ್ಟಡದ ಕೆಲಸಕ್ಕಾಗಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದ ತಂದೆತಾಯಿಗಳ ಮಕ್ಕಳು ವರ್ಷದ ನಡುವೆ ಬಂದು ಸೇರಿ ನಡುವೆಯೇ ಬಿಟ್ಟುಹೋಗುವುದೂ ಉಂಟು. ಕನ್ನಡದಲ್ಲಿ ಇಪ್ಪತ್ತೊಂದು ಎನ್ನುವಾಗ ಹತ್ತರ ಅಂಶವು ಮೊದಲು ಬರುತ್ತದೆ. ಉರ್ದು ಹಿಂದಿಗಳ ‘ಇಕ್ಕೀಸ್’ ಎಂಬ ಮಾತಿನಲ್ಲಿ ಬಿಡಿಯ ಅಂಶವು ಮೊದಲು ಬರುತ್ತದೆ. ಮನೆಯಲ್ಲಿ ಒಂದು ಕ್ರಮವನ್ನೂ ಶಾಲೆಯಲ್ಲಿ ಇನ್ನೊಂದು ಕ್ರಮವನ್ನೂ ಕೇಳಿದ ಮಗು 21 ಎಂಬುದನ್ನು 12 ಎಂದು ಬರೆದರೆ ಆಶ್ಚರ್ಯವೇನು? ಇದನ್ನು ತಿಳಿದ ಉಪಾಧ್ಯಾಯಿನಿಯು ಆ ಮಗುವನ್ನು ಗದರಿಸುವುದಿಲ್ಲ, ಬದಲಾಗಿ ಎರಡು ಕ್ರಮಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಾಳೆ. ಕನ್ನಡ ಶಾಲೆಗೆ ಬಂದ ಪರಭಾಷೆಯ ಮಗುವನ್ನು ಕನ್ನಡಕ್ಕೆ ಒಲಿಸಿಕೊಳ್ಳುವ ದಾರಿ ಇದೇ ಅಲ್ಲವೇ?

ಭಿನ್ನರಾಶಿಯ ಪಾಠವೂ ಹೀಗೆಯೇ. ಮೂರು ಎರಡಕ್ಕಿಂತ ದೊಡ್ಡದಾದುದರಿಂದ ಮೂರನೆಯ ಒಂದು ಭಾಗವು ಎರಡನೆಯ ಒಂದು ಭಾಗಕ್ಕಿಂತ ದೊಡ್ಡದೆಂದು ಮಕ್ಕಳು ಭಾವಿಸುವುದು ಎಲ್ಲ ದೇಶಗಳಲ್ಲಿಯೂ ಕಂಡುಬಂದಿರುವ ಸಂಗತಿ. ಆದರೆ ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಗೆ ತಾಯಿಯ ಸಂಗಡ ಹೋದ ಮಗುವು ಅರ್ಧ ಕೆ.ಜಿ. ಹುರುಳಿಕಾಯಿ, ಕಾಲು ಕೆ.ಜಿ. ಹಸಿಮೆಣಸಿನಕಾಯಿ ಎಂಬ ಮಾತುಗಳನ್ನು ಕೇಳಿಯೇ ಇರುತ್ತದೆ. ಅರೆ, ಕಾಲು, ಮುಕ್ಕಾಲು, ಅರೆಕಾಲು, ವೀಸ ಎಂಬ ಶಬ್ದಗಳು ನಮ್ಮ ಭಾಷೆಯ ಹಳೆಯ ಸೊತ್ತು. ಅರ್ಧಕ್ಕಿಂತ ಕಾಲು ಕಡಿಮೆಯೆಂಬುದು ತಕ್ಕಡಿಯನ್ನು ನೋಡಿದ ಮಗುವಿಗೆ ಹೇಳಿಕೊಡಬೇಕಾದುದಲ್ಲ. ಮಗುವಿಗೆ ಆಗಲೇ ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಸೇತುವೆಯನ್ನು ಕಟ್ಟುವುದೇ ಕೈಪಿಡಿಯ ಕೆಲಸ. ಆ ಸೇತುವೆಯ ಒಂದು ತುದಿ ಪುಸ್ತಕದಲ್ಲಿರುತ್ತದೆ, ಇನ್ನೊಂದು ತುದಿ ಆ ಊರಿನ ಬೀದಿಯಲ್ಲಿರುತ್ತದೆ.

ಊರಿನ ಬೀದಿಯೆಂದಾಗ ಹೆಸರುಗಳ ವಿಷಯವೂ ನೆನಪಿಗೆ ಬರುತ್ತದೆ. ಬಿ.ಟಿ.ಎಂ. ಎಂಬುದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಮೊದಲಕ್ಷರಗಳೆಂಬುದನ್ನು ಆ ಬಡಾವಣೆಯ ಎಷ್ಟು ಮಕ್ಕಳು ಬಲ್ಲರು? ‘ಸಂದ್ರ’ವೆಂಬುದು ‘ಸಮುದ್ರ’ವೆಂಬುದರ ರೂಪಾಂತರವೆಂದೂ, ನಮ್ಮ ಹಿರಿಯರು ಕೆರೆಗಳಿಗೆ ಸಮುದ್ರವೆಂದು ಹೆಸರಿಡುತ್ತಿದ್ದರೆಂದೂ, ತಾವರೆಕೆರೆ ಹೊಸಕೆರೆಹಳ್ಳಿಗಳ ಹೆಸರಿನಲ್ಲಿಯೇ ನೀರು ನಿಂತಿದೆಯೆಂದೂ ಹೇಳಿ ಮಕ್ಕಳನ್ನು ಸಾರಕ್ಕಿ ಕೆರೆಗೋ ಪುಟ್ಟೇನಹಳ್ಳಿ ಕೆರೆಗೋ ಮಡಿವಾಳ ಕೆರೆಗೋ ಕರೆದೊಯ್ದರೆ ಇತಿಹಾಸ, ಭೂಗೋಳ, ಪರಿಸರ ಮೂರೂ ಒಂದೇ ದಿನದಲ್ಲಿ ಮನಸ್ಸಿಗೆ ಹತ್ತುತ್ತವೆ. ಇಡೀ ರಾಜ್ಯಕ್ಕಾಗಿ ಬರೆದ ಪಠ್ಯಪುಸ್ತಕವು ಸಾರಕ್ಕಿಯ ಹೆಸರನ್ನು ಹೇಳಲಾರದು, ಹೇಳಬೇಕಾಗಿಯೂ ಇಲ್ಲ. ಆದರೆ ‘ನಿಮ್ಮ ಊರಿನ ಕೆರೆಯ ಹೆಸರನ್ನು ಇಲ್ಲಿ ಬರೆದುಕೊಳ್ಳಿರಿ, ಅದರ ಏರಿಯ ಮೇಲೆ ಈ ಪಾಠವನ್ನು ಮಾಡಿರಿ’ ಎಂದು ಒಂದು ಬಿಳಿಯ ಜಾಗವನ್ನು ಬಿಡಲು ಕೈಪಿಡಿಗೆ ಯಾವ ಅಡ್ಡಿಯೂ ಇಲ್ಲ. ಒಳ್ಳೆಯ ಕೈಪಿಡಿಯಲ್ಲಿ ಅಚ್ಚಾದ ಪುಟಗಳಷ್ಟೇ ಮುಖ್ಯವಾದುದು ಈ ಬಿಟ್ಟ ಜಾಗ.

ಇಂತಹ ಕೆಲಸವು ನಮ್ಮವರಿಂದ ಆಗಲಾರದೆಂದು ನಿರಾಶೆಪಡುವವರಿಗೆ ಕನ್ನಡನಾಡಿನದೇ ಉದಾಹರಣೆಯೊಂದಿದೆ. 1995ನೆಯ ಇಸವಿಯಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕ್ರಮವನ್ನು ಕಣ್ಣಾರೆ ಕಂಡು ಬಂದರು. ಬಂದವರು ಅದನ್ನು ಹಾಗೆಯೇ ನಕಲು ಮಾಡದೆ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಮ್ಮ ಶಾಲೆಗಳಿಗೆ ಒಗ್ಗುವಂತೆ ತಾವೇ ಕಾರ್ಡುಗಳನ್ನು ಬರೆದರು, ಚಿತ್ರಗಳನ್ನು ಆರಿಸಿದರು, ಹಾಡು ಕತೆಗಳನ್ನು ಸೇರಿಸಿದರು. ಅದೇ ‘ನಲಿ–ಕಲಿ’. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕುಳಿತಿರುವುದು ಬಡ ಶಾಲೆಯ ದೌರ್ಭಾಗ್ಯವೆಂದು ಭಾವಿಸುತ್ತಿದ್ದ ಕಾಲದಲ್ಲಿ, ಆ ಸ್ಥಿತಿಯನ್ನೇ ಅನುಕೂಲವಾಗಿ ಮಾರ್ಪಡಿಸಿಕೊಂಡ ಕ್ರಮವದು. ಮಗುವು ಕಲಿಕಾ ಏಣಿಯ ಮೆಟ್ಟಿಲನ್ನು ತನ್ನ ವೇಗದಲ್ಲಿ ಏರುತ್ತದೆ. ಕೆಲವರು ಉಪಾಧ್ಯಾಯರ ಬಳಿ, ಕೆಲವರು ಸಹಪಾಠಿಗಳ ಬಳಿ, ಕೆಲವರು ತಾವೇ ತಾವಾಗಿ ಕಲಿಯುತ್ತಾರೆ. ಜ್ವರದಿಂದ ಹದಿನೈದು ದಿನ ಮಲಗಿದ್ದ ಮಗು ಹಿಂದಿರುಗಿ ಬಂದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಅಕ್ಷರಾಭ್ಯಾಸದ ವಿಷಯದಲ್ಲಿ ಆ ಕ್ರಮವು ಮಾಡಿದ ಮಾರ್ಪಾಡನ್ನು ವಾಚಕರು ಗಮನಿಸಬೇಕು. ನಾವೆಲ್ಲರೂ ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ತಿದ್ದಿದವರು. ನಲಿ–ಕಲಿಯ ಮಗುವು ಮೊದಲು ತಿದ್ದುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಸಂಪ್ರದಾಯಸ್ಥರಿಗೆ ಇದು ವಿಪರೀತವಾಗಿ ತೋರಬಹುದು. ಆದರೆ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಅರ್ಥವುಳ್ಳ ಮಾತುಗಳು ಹುಟ್ಟುತ್ತವೆ. ವರ್ಣಮಾಲೆಯ ಮೊದಲ ಐದು ಸ್ವರಗಳಿಂದ ಹುಟ್ಟುವ ಮಾತುಗಳೆಷ್ಟು? ಅಕ್ಷರ ಕಲಿತ ವಾರದಲ್ಲಿಯೇ ಮಾತೊಂದನ್ನು ತಾನಾಗಿ ಓದಿದೆನೆಂಬ ಆನಂದವು ಮಗುವಿಗೆ ದೊರೆಯುವುದು ಈ ಜೋಡಣೆಯಿಂದ. ಇಲ್ಲಿ ನಾವು ಹೇಳಬೇಕಾದ ಮಾತೆಂದರೆ, ಈ ಕಾರಣವನ್ನು ತಿಳಿದ ಉಪಾಧ್ಯಾಯರಿಗೆ ಆ ಕ್ರಮವು ಸಾಧನವಾಗುತ್ತದೆ. ಕಾರಣ ತಿಳಿಯದೆ ‘ಮೇಲಿನಿಂದ ಬಂದಿದೆ’ ಎಂದು ನಡೆಯಿಸುವವರಿಗೆ ಅದೊಂದು ಹೊಸ ಮಂತ್ರ ಮಾತ್ರ. ಏನನ್ನು ಮಾಡಬೇಕೆಂಬುದರ ಪಕ್ಕದಲ್ಲಿ ಏಕೆ ಮಾಡಬೇಕೆಂಬುದನ್ನೂ ಬರೆಯದ ಕೈಪಿಡಿಯು ಉಪಾಧ್ಯಾಯರನ್ನು ಯಂತ್ರವನ್ನಾಗಿ ಮಾಡುತ್ತದೆ.

ನಲಿ–ಕಲಿಯ ಮುಂದಿನ ಕತೆಯಲ್ಲಿಯೂ ಒಂದು ಪಾಠವಿದೆ. 2009–10ರಲ್ಲಿ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಒಂದು ತಾಲ್ಲೂಕಿನ ಸಸಿಯು ಇಡೀ ನಾಡಿನ ತೋಟವಾದುದು ಹೆಮ್ಮೆಯ ಸಂಗತಿ. ಆದರೆ ಕೋಟೆ ತಾಲ್ಲೂಕಿನ ಉಪಾಧ್ಯಾಯರು ತಾವು ಬರೆದ ಕಾರ್ಡುಗಳನ್ನು ತಾವೇ ಬಳಸಿದರು. ಉಳಿದ ಜಿಲ್ಲೆಗಳ ಉಪಾಧ್ಯಾಯರಿಗೆ ಅಚ್ಚಾದ ಕಾರ್ಡುಗಳು ಪೆಟ್ಟಿಗೆಯಲ್ಲಿ ಬಂದುವು. ಬರೆದವರಿಗೆ ಪ್ರತಿಯೊಂದು ಕಾರ್ಡಿನ ಹಿಂದೆ ಒಂದು ಮಗುವಿನ ಮುಖವು ಕಾಣುತ್ತಿತ್ತು. ಪಡೆದವರಿಗೆ ಒಂದು ಸಂಖ್ಯೆ ಮಾತ್ರ ಕಾಣುವ ಅಪಾಯವುಂಟಾಯಿತು. ಕಾರ್ಡನ್ನು ಹಂಚುವುದು ಸುಲಭ, ಅದನ್ನು ಬರೆದ ಅನುಭವವನ್ನು ಹಂಚುವುದು ಕಷ್ಟ. ಈ ಕಷ್ಟದ ಕೆಲಸವನ್ನು ಮಾಡುವುದಕ್ಕಾಗಿಯೇ ಕೈಪಿಡಿಯು ಬೇಕಾಗಿರುವುದು.

ಉಪಾಧ್ಯಾಯರಿಗಾಗಿ ಬರೆಯುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಶಾಲೆಗೆ ಮಠವೆಂದೇ ಜನರು ಹೇಳುತ್ತಿದ್ದ ಕಾಲದಲ್ಲಿ, 1865ರಲ್ಲಿಯೇ, ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಪ್ರಾಂತದ ಕನ್ನಡ ಭಾಗದ ಉಪಾಧ್ಯಾಯರಿಗಾಗಿ ‘ಮಠಪತ್ರಿಕೆ’ಯನ್ನು ಹೊರಡಿಸಿದರು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದ ಆ ಮಹನೀಯರು, ಶಾಲೆಯ ಗೋಡೆಗಳನ್ನು ಕಟ್ಟಿದರೆ ಸಾಲದು, ಗೋಡೆಗಳೊಳಗೆ ನಿಲ್ಲುವವರ ಕೈಯನ್ನೂ ಬಲಪಡಿಸಬೇಕೆಂದು ಅರಿತಿದ್ದರು. ಆ ಪತ್ರಿಕೆಯೇ ಮುಂದೆ ಹೆಸರುಗಳನ್ನು ಬದಲಾಯಿಸಿಕೊಂಡು ಧಾರವಾಡದ ‘ಜೀವನ ಶಿಕ್ಷಣ’ವೆಂಬ ಮಾಸಪತ್ರಿಕೆಯಾಗಿ ಬೆಳೆಯಿತು. ದೇಶದ ಮಟ್ಟದಲ್ಲಿಯೂ 1937ರ ವರ್ಧಾ ಸಮ್ಮೇಲನದ ಅನಂತರ ಮಹಾತ್ಮಾ ಗಾಂಧಿಯವರ ಮೂಲಶಿಕ್ಷಣದ ಯೋಜನೆಗೆ ರೂಪ ಕೊಡಲು ಕುಳಿತ ಝಾಕಿರ್ ಹುಸೇನರ ಸಮಿತಿಯು ತತ್ತ್ವವನ್ನು ಸಾರಿ ಸುಮ್ಮನಾಗಲಿಲ್ಲ. ಏಳು ವರ್ಷಗಳ ವ್ಯಾಸಂಗಕ್ಕೆ ಪಾಠಕ್ರಮವನ್ನು ವಿವರವಾಗಿ ಸಿದ್ಧಪಡಿಸಿತು. ಸ್ವರಾಜ್ಯದ ಕನಸನ್ನು ಕಂಡವರು ತರಗತಿಯ ಗಂಟೆಯ ಲೆಕ್ಕವನ್ನು ಕೀಳೆಂದು ಎಣಿಸಿದವರಲ್ಲ.

ಹೊರದೇಶಗಳ ಅನುಭವವೂ ಇದಕ್ಕೆ ಸಾಕ್ಷಿಯಾಗಿದೆ. ಇಂಗ್ಲೆಂಡಿನಲ್ಲಿ 1862ರ ನಿಯಮಾವಳಿಯ ಮೇರೆಗೆ ಇನ್‌ಸ್ಪೆಕ್ಟರರು ಬಂದು ಮಕ್ಕಳನ್ನು ಪರೀಕ್ಷಿಸಿ, ಉತ್ತೀರ್ಣರಾದವರ ಲೆಕ್ಕದಂತೆ ಶಾಲೆಗೆ ಹಣ ಕೊಡುವ ಪದ್ಧತಿಯು ಬಂದಿತು. ಉಪಾಧ್ಯಾಯರು ಇನ್‌ಸ್ಪೆಕ್ಟರನ ಪ್ರಶ್ನೆಗಾಗಿ ಮಕ್ಕಳನ್ನು ತಿದ್ದತೊಡಗಿದರು, ವಿದ್ಯೆಯು ಒಣಗಿತು. ಆ ಪದ್ಧತಿಯು ಆ ಶತಮಾನದ ಕೊನೆಗೆ ಅಳಿದ ಮೇಲೆ 1905ರಲ್ಲಿ ಅಲ್ಲಿನ ವಿದ್ಯಾಮಂಡಲಿಯು ಉಪಾಧ್ಯಾಯರಿಗಾಗಿ ಪ್ರಕಟಿಸಿದ ಗ್ರಂಥಕ್ಕೆ ‘ಆಜ್ಞೆಗಳು’ ಎಂದು ಹೆಸರಿಡಲಿಲ್ಲ. ಉಪಾಧ್ಯಾಯರ ಪರ್ಯಾಲೋಚನೆಗಾಗಿ ಕೊಟ್ಟ ಸಲಹೆಗಳ ಕೈಪಿಡಿಯೆಂದೇ ಹೆಸರಿಟ್ಟಿತು. ಜಪಾನಿನಲ್ಲಿ ಇನ್ನೂ ಮೇಲಾದ ಪದ್ಧತಿಯೊಂದು ಬೆಳೆದಿದೆ. ಅಲ್ಲಿ ಕೆಲವು ಉಪಾಧ್ಯಾಯರು ಒಟ್ಟಿಗೆ ಕುಳಿತು ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ನಡೆಯಿಸುತ್ತಾರೆ. ಉಳಿದವರು ಹಿಂದೆ ನಿಂತು, ಪಾಠ ಹೇಳುವವರನ್ನಲ್ಲ, ಮಕ್ಕಳನ್ನು ನೋಡುತ್ತಾರೆ. ಬಳಿಕ ಎಲ್ಲರೂ ಸೇರಿ ಯೋಜನೆಯನ್ನು ತಿದ್ದುತ್ತಾರೆ. ಮಕ್ಕಳಿಂದ ಬರಬಹುದಾದ ಉತ್ತರಗಳು ಯಾವುವು, ಕಪ್ಪುಹಲಗೆಯ ಮೇಲೆ ಏನು ಎಲ್ಲಿರಬೇಕು ಎಂಬುದು ಕೂಡ ಅಲ್ಲಿನ ಕೈಪಿಡಿಗಳಲ್ಲಿ ಅಚ್ಚಾಗಿರುವುದು ಈ ಅಭ್ಯಾಸದ ಫಲ.

ಇನ್ನು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳನ್ನು ಹೇಳಬೇಕಾಗಿದೆ. ಯಾರೊಬ್ಬರನ್ನೂ ದೂಷಿಸುವ ಉದ್ದೇಶವು ನಮಗಿಲ್ಲ. ಮೊದಲನೆಯ ದೋಷವು ಭಾಷೆಯದು. ಇಂಗ್ಲಿಷಿನಲ್ಲಿ ಆಲೋಚಿಸಿ ಕನ್ನಡದ ಅಕ್ಷರಗಳಲ್ಲಿ ಬರೆದ ಪುಸ್ತಕವು ಕನ್ನಡದ ಪುಸ್ತಕವಾಗುವುದಿಲ್ಲ. ‘ಕಲಿಕಾ ಫಲ’, ‘ಸಾಮರ್ಥ್ಯ’, ‘ಸೂಚಕ’, ‘ಅನುಕೂಲಿಸುವಿಕೆ’ ಎಂಬ ಶಬ್ದಗಳು ಒಂದರ ಬೆನ್ನಿಗೊಂದು ಬಂದರೆ, ಇಪ್ಪತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯರಿಗೂ ತಮ್ಮ ಕೆಲಸವೇ ತಮಗೆ ಅಪರಿಚಿತವಾಗಿ ತೋರುತ್ತದೆ. ಎರಡನೆಯದು ಕಾಲದ ದೋಷ. ನಲವತ್ತು ನಿಮಿಷದ ಅವಧಿಯಲ್ಲಿ ಏಳು ಚಟುವಟಿಕೆಗಳನ್ನು ಮಾಡಿಸಿರೆಂದು ಬರೆದವರು ನಲವತ್ತು ಮಕ್ಕಳಿಗೆ ಕಾಗದವನ್ನು ಹಂಚಲು ಎಷ್ಟು ಹೊತ್ತು ಹಿಡಿಯುವುದೆಂದು ಗಡಿಯಾರವನ್ನು ನೋಡಿದವರಲ್ಲ. ಒಬ್ಬರೋ ಇಬ್ಬರೋ ಉಪಾಧ್ಯಾಯರು ಐದು ತರಗತಿಗಳನ್ನು ನಡೆಯಿಸುವ ಕಿರಿಯ ಪ್ರಾಥಮಿಕ ಶಾಲೆಯನ್ನು ಅವರು ಲೆಕ್ಕಕ್ಕೆ ಹಿಡಿದಂತೆಯೇ ಕಾಣುವುದಿಲ್ಲ. ಮೂರನೆಯದು ಭಯದ ದೋಷ. ಕೈಪಿಡಿಯು ತಪಾಸಣೆಯ ಬೆತ್ತವಾದ ದಿನವೇ ಅದರ ಜೀವವು ಹೋಗುತ್ತದೆ. ಪಾಠಯೋಜನೆಯ ಪುಸ್ತಕವನ್ನು ಅಧಿಕಾರಿಗಳಿಗೆ ತೋರಿಸಲೆಂದು ತುಂಬಿಸುವುದು ಒಂದು ಕೆಲಸವಾಗಿ, ಪಾಠ ಹೇಳುವುದು ಇನ್ನೊಂದು ಕೆಲಸವಾಗಿ ಬೇರ್ಪಟ್ಟರೆ, ಮೊದಲನೆಯದನ್ನು ನೆರೆಯವರಿಂದ ನಕಲು ಮಾಡುವುದೇ ಸುಲಭವೆಂದು ಯಾರಿಗಾದರೂ ತೋರುತ್ತದೆ. ಅದಕ್ಕಾಗಿ ಉಪಾಧ್ಯಾಯರನ್ನು ನಿಂದಿಸುವುದು ನ್ಯಾಯವಲ್ಲ.

ಒಳ್ಳೆಯ ಪ್ರಯತ್ನಗಳೇ ಆಗಿಲ್ಲವೆಂದು ಹೇಳಿದರೆ ಅಪಚಾರವಾದೀತು. ಕೊರೋನಾ ವ್ಯಾಧಿಯಿಂದ ಶಾಲೆಗಳು ಬಹುಕಾಲ ಮುಚ್ಚಿದ್ದು ತೆರೆದ ಬಳಿಕ, 2022–23ನೆಯ ವರ್ಷವನ್ನು ಸರಕಾರವು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿ, ಮಕ್ಕಳಿಗೆ ಕಲಿಕಾ ಹಾಳೆಗಳನ್ನೂ ಉಪಾಧ್ಯಾಯರಿಗೆ ಕೈಪಿಡಿಗಳನ್ನೂ ಸಿದ್ಧಪಡಿಸಿತು. ತರಗತಿಯ ಹೆಸರು ಯಾವುದೇ ಇರಲಿ, ಮಗುವು ನಿಜವಾಗಿ ನಿಂತಿರುವ ಸ್ಥಳದಿಂದ ಆರಂಭಿಸಬೇಕೆಂಬ ತತ್ತ್ವವನ್ನು ಸರಕಾರವು ಅಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅದಕ್ಕೂ ಮೊದಲು, 2011ರ ಅನಂತರದ ವರ್ಷಗಳಲ್ಲಿ, ಜಯನಗರದಲ್ಲಿರುವ ‘ಐಟಿ ಫಾರ್ ಚೇಂಜ್’ ಎಂಬ ಸಂಸ್ಥೆಯು ಸರಕಾರದ ಜೊತೆಗೂಡಿ ಪ್ರೌಢಶಾಲೆಯ ಉಪಾಧ್ಯಾಯರ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ನಡೆಯಿಸಿತು. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಉಪಾಧ್ಯಾಯರು ತಾವೇ ಪಾಠಸಾಮಗ್ರಿಯನ್ನು ಬರೆದು, ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ, ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರದಲ್ಲಿ ಇಟ್ಟರು. ಅವಕಾಶವನ್ನು ಕೊಟ್ಟರೆ ನಮ್ಮ ಉಪಾಧ್ಯಾಯರು ಬರೆಯಬಲ್ಲರೆಂಬುದಕ್ಕೆ ಕೋಟೆಯ ಕಾರ್ಡುಗಳ ಬಳಿಕ ಇದು ಎರಡನೆಯ ಸಾಕ್ಷಿ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಎಲ್ಲ ಉಪಾಧ್ಯಾಯರೂ ಗ್ರಂಥಕರ್ತರಾಗಬಲ್ಲರೇ ಎಂದು ಕೆಲವರು ಕೇಳುತ್ತಾರೆ. ಆಗಬೇಕಾಗಿಲ್ಲ. ಎಲ್ಲರೂ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಬರೆಯುವವರಲ್ಲಿ ದಿನವೂ ತರಗತಿಯಲ್ಲಿ ನಿಲ್ಲುವವರು ಅಧಿಕಸಂಖ್ಯೆಯಲ್ಲಿರಬೇಕೆಂದೂ, ಬರೆಯದವರು ತಿದ್ದುವ ಅಧಿಕಾರವುಳ್ಳವರಾಗಿರಬೇಕೆಂದೂ ಹೇಳುತ್ತಿದ್ದೇವೆ. ವಿಷಯದಲ್ಲಿ ಪಾಂಡಿತ್ಯವುಳ್ಳವರು ಬೇಡವೇ ಎಂದರೆ, ಅವರಿಲ್ಲದೆ ಕೆಲಸವು ನಡೆಯದು. ಗಣಿತವನ್ನು ಬಲ್ಲವರು ತಪ್ಪನ್ನು ತಪ್ಪಿಸುತ್ತಾರೆ. ಮಕ್ಕಳನ್ನು ಬಲ್ಲವರು ತಪ್ಪು ಎಲ್ಲಿ ಹುಟ್ಟುವುದೆಂದು ತೋರಿಸುತ್ತಾರೆ. ಇಬ್ಬರೂ ಒಂದೇ ಮೇಜಿನ ಸುತ್ತ ಕೂರಬೇಕು. ಉಪಾಧ್ಯಾಯರಿಗೆ ಸ್ವಾತಂತ್ರ್ಯವನ್ನು ಕೊಟ್ಟರೆ ರಾಜ್ಯದಲ್ಲಿ ಏಕರೂಪತೆಯು ಹಾಳಾಗುವುದೆಂಬುದು ಇನ್ನೊಂದು ಆಕ್ಷೇಪಣೆ. ಮಗುವು ಕಲಿಯಬೇಕಾದುದರಲ್ಲಿ ಏಕರೂಪತೆಯಿರಲಿ. ಕಲಿಸುವ ದಾರಿಯಲ್ಲಿ ಅದು ಏಕೆ ಬೇಕು? ಬೀದರಿನ ಮಗುವೂ ಬನಶಂಕರಿಯ ಮಗುವೂ ಭಿನ್ನರಾಶಿಯನ್ನು ಕಲಿಯಬೇಕು; ಇಬ್ಬರೂ ಒಂದೇ ಮಾರುಕಟ್ಟೆಗೆ ಹೋಗಬೇಕಾಗಿಲ್ಲ.

ಆದುದರಿಂದ ಅಧಿಕಾರಿ ಮಹಾಶಯರ ಮುಂದೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ. ಕೈಪಿಡಿಯನ್ನು ಬರೆಯುವ ಉಪಾಧ್ಯಾಯರನ್ನು ಆ ಅವಧಿಗೆ ಶಾಲೆಯ ಇತರ ಕೆಲಸಗಳಿಂದ ಬಿಡುಗಡೆ ಮಾಡಿ, ಅವರ ಸ್ಥಾನಕ್ಕೆ ಬೇರೆಯವರನ್ನು ಕೊಡಬೇಕು. ಎರಡು ದಿನದ ಕಾರ್ಯಾಗಾರದಲ್ಲಿ ನೂರು ಪುಟಗಳನ್ನು ಬರೆಯಿಸುವುದು ಉಪಕಾರವಲ್ಲ. ಬರೆದುದನ್ನು ಅಚ್ಚಿಗೆ ಕಳುಹಿಸುವ ಮೊದಲು ಒಂದು ವರ್ಷವಾದರೂ ಕೆಲವು ಶಾಲೆಗಳಲ್ಲಿ ನಡೆಯಿಸಿ ನೋಡಬೇಕು. ಇಲಾಖೆಯ ಬಾಗಿಲಿನಿಂದ ಬಸ್ಸು ಹತ್ತಿದರೆ ಅಲ್ಪಕಾಲದಲ್ಲಿ ಮುಟ್ಟಬಹುದಾದ ಸರಕಾರಿ ಶಾಲೆಗಳು ಬನಶಂಕರಿಯಲ್ಲಿಯೂ ಜಯನಗರದಲ್ಲಿಯೂ ಜೆ.ಪಿ. ನಗರದಲ್ಲಿಯೂ ಇವೆ. ಬರೆದವರು ಹಿಂದಿನ ಬೆಂಚಿನಲ್ಲಿ ಕುಳಿತು, ತಮ್ಮ ವಾಕ್ಯವು ಮಗುವಿನ ಮುಖದಲ್ಲಿ ಏನಾಗುವುದೆಂದು ನೋಡಲಿ. ನಗರದ ಶಾಲೆಗಳಷ್ಟೇ ಸಾಲವು; ಹಳ್ಳಿಯ ಇಬ್ಬರು ಉಪಾಧ್ಯಾಯರ ಶಾಲೆಯೂ ಆ ಪರೀಕ್ಷೆಯಲ್ಲಿ ಸೇರಿರಲಿ. ಪುಸ್ತಕವು ಶಾಲೆ ಆರಂಭವಾಗುವ ಮೊದಲೇ ಉಪಾಧ್ಯಾಯರ ಕೈ ಸೇರಬೇಕು. ದಸರಾ ರಜೆಯಲ್ಲಿ ಬಂದ ಜೂನ್ ತಿಂಗಳ ಪಾಠದಿಂದ ಪ್ರಯೋಜನವಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಪಾಠವನ್ನು ಬದಲಾಯಿಸಿದಾಗ ಕೈಪಿಡಿಯ ಆ ಭಾಗವನ್ನೂ ಅದೇ ದಿನ ಬದಲಾಯಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪುಟದ ಅಂಚು. ಪ್ರತಿಯೊಂದು ಪಾಠದ ಬದಿಯಲ್ಲಿ ಅಗಲವಾದ ಅಂಚನ್ನು ಬಿಟ್ಟು, ಏನು ನಡೆಯಿತು, ಏನು ನಡೆ‌ಯಲಿಲ್ಲವೆಂದು ಉಪಾಧ್ಯಾಯರು ಎರಡು ಸಾಲು ಬರೆದುಕೊಳ್ಳಲಿ. ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ಅಂಕಿ ಅಂಶಗಳನ್ನು ಒಪ್ಪಿಸುವುದರ ಜೊತೆಗೆ ಈ ಅಂಚಿನ ಟಿಪ್ಪಣಿಗಳನ್ನೂ ಓದಲಿ. ವರ್ಷದ ಕೊನೆಗೆ ಅವು ಬನಶಂಕರಿಗೆ ಬಂದು ಮರುವರ್ಷದ ಮುದ್ರಣದಲ್ಲಿ ಸೇರಲಿ. ಸಲಹೆಯನ್ನು ಕೊಟ್ಟವರ ಹೆಸರೂ ಊರೂ ಅದರ ಕೆಳಗೆ ಅಚ್ಚಾಗಲಿ. ಸಿಂಧನೂರಿನ ಉಪಾಧ್ಯಾಯಿನಿಯೊಬ್ಬಳು ಕಂಡುಕೊಂಡ ಉಪಾಯವನ್ನು ಶಿರಸಿಯ ಉಪಾಧ್ಯಾಯರು ಓದಿ ಬಳಸುವಂತಾದರೆ, ಏಕೀಕೃತ ಕರ್ನಾಟಕವೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಅರ್ಥವು ಬೇರೆ ಯಾವುದು?

ಕೈಪಿಡಿಯು ಒಳ್ಳೆಯದೋ ಅಲ್ಲವೋ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ವರ್ಷದ ಕೊನೆಗೆ ಯಾವುದಾದರೂ ಶಾಲೆಗೆ ಹೋಗಿ ಅದನ್ನು ಕೇಳಿರಿ. ಬೀರುವಿನ ಬೀಗವನ್ನು ತೆಗೆದು, ಧೂಳನ್ನು ಒರೆಸಿ, ಹೊಸ ಬಟ್ಟೆಯಂತೆ ಮಡಿಕೆ ಮುರಿಯದ ಪುಸ್ತಕವನ್ನು ತೋರಿಸಿದರೆ ಅದರ ಮೇಲಿನ ವೆಚ್ಚವು ವ್ಯರ್ಥವಾಯಿತೆಂದು ತಿಳಿಯಬಹುದು. ಸುಣ್ಣದ ಕಡ್ಡಿಯ ಪುಡಿ ಹತ್ತಿ, ಮೂಲೆಗಳು ಮಡಿಸಿ, ಅಂಚಿನ ತುಂಬ ಪೆನ್ಸಿಲಿನ ಬರಹವುಳ್ಳ ಪುಸ್ತಕವು ಮೇಜಿನ ಮೇಲೆಯೇ ಇದ್ದರೆ, ನಾಡಿನ ಹಣವು ನಾಡಿನ ಮಕ್ಕಳಿಗೆ ಸೇರಿತೆಂದು ನಂಬಬಹುದು. ಅಂತಹ ಹಳತಾದ ಪುಸ್ತಕಗಳು ನಮ್ಮ ಶಾಲೆಗಳಲ್ಲಿ ಹೆಚ್ಚಲೆಂದು ನಾವು ಹಾರೈಸುತ್ತೇವೆ.